ಕೋಚೆಲ್ಲಾ ಬಿಟ್ಟರೆ ಇಲ್ಲೇನಿದೆ ಅನ್ನೋರಿಗೆ

ಗುರುವಾರ ಸಂಜೆ, ಕ್ಯಾಲಿಫೋರ್ನಿಯಾದ ಮರುಭೂಮಿ ಊರು ಪಾಮ್ ಸ್ಪ್ರಿಂಗ್ಸ್‌ನ ಪೇಟೆ ಬೀದಿ. ರಸ್ತೆಗೆ ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ಮುಂದೆ ಒಂದು ಕಾರು ನಿಂತು ಹಾರ್ನ್ ಹೊಡೆಯುತ್ತಿತ್ತು. ಕಿತ್ತಳೆ ಜಾಕೆಟ್ ಹಾಕಿದ ಅಜ್ಜ ಒಬ್ಬರು ಸುತ್ತಿಕೊಂಡು ಹೋಗಿ ಅಂತ ಕೈ ತೋರಿಸುತ್ತಿದ್ದರು. ಕಾರಿನವರು ಕಿಟಕಿ ಇಳಿಸಿದರು. ಕೋಚೆಲ್ಲಾ ಸಂಗೀತ ಹಬ್ಬ ಇರುವುದು ನಾಳೆಯಿಂದ ತಾನೇ, ಇವತ್ತೇ ಯಾಕೆ ರಸ್ತೆ ಮುಚ್ಚಿದ್ದೀರಿ ಅಂತ ಕೇಳಿದರು. ಅಜ್ಜ ಸಮಾಧಾನದಿಂದಲೇ ಹೇಳಿದರು, ಇದು ಆ ಹಬ್ಬ ಅಲ್ಲಪ್ಪ, ವಿಲೇಜ್‌ಫೆಸ್ಟ್ ಅನ್ನೋ ಬೀದಿ ಸಂತೆ, ಪ್ರತಿ ಗುರುವಾರ ಇರುತ್ತೆ. ಕಾರಿನವರು ಪಕ್ಕದ ಸೀಟಿನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಅಂದರು: "ಕೋಚೆಲ್ಲಾ ಬಿಟ್ಟರೆ ಈ ಊರಲ್ಲಿ ಇನ್ನೇನಿದೆ ಅಂತ!"

ನಾನು ಖರ್ಜೂರದ ಪೊಟ್ಟಣ ಹಿಡಿದುಕೊಂಡು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಇಲ್ಲಿ ಕನ್ನಡ ಕಿವಿಗೆ ಬಿದ್ದರೆ ಓಡಿ ಹೋಗಿ ಮಾತಾಡಿಸುವ ಪೈಕಿ ನಾನು, ನಿಮಗೆ ಗೊತ್ತು. ಈ ಸಲ ಮಾತ್ರ ಬಾಯಿ ಮುಚ್ಚಿಕೊಂಡೆ. ಬಾಯಿ ಬಿಟ್ಟಿದ್ದರೆ ಜಗಳವೇ ಆಗುತ್ತಿತ್ತು. ಆ ಜಗಳವನ್ನು ಈಗ ನಿಮ್ಮ ಜೊತೆ ಆಡುತ್ತೇನೆ, ಸಹಿಸಿಕೊಳ್ಳಿ.

ಮೊದಲು ಸ್ವಲ್ಪ ಭೂಗೋಳ. ಕೋಚೆಲ್ಲಾ ಸಂಗೀತ ಹಬ್ಬ ಪಾಮ್ ಸ್ಪ್ರಿಂಗ್ಸ್‌ನಲ್ಲಿ ನಡೆಯುವುದೇ ಇಲ್ಲ. ಅದು ನಡೆಯುವುದು ಇಲ್ಲಿಂದ ಸುಮಾರು 25 ಮೈಲಿ ದೂರದ ಇಂಡಿಯೋದಲ್ಲಿ, ಎಂಪೈರ್ ಪೋಲೋ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ. ಕೋಚೆಲ್ಲಾ ಅನ್ನೋದು ಇಡೀ ಕಣಿವೆಯ ಹೆಸರು. ಅದೇ ಹೆಸರಿನ ಒಂದು ಊರೂ ಇದೆ, ಇಂಡಿಯೋ ಪಕ್ಕದಲ್ಲೇ. ತಮಾಷೆ ಅಂದರೆ ಹಬ್ಬ ಅಲ್ಲೂ ನಡೆಯುವುದಿಲ್ಲ. ಕಣಿವೆಯಲ್ಲಿ ಒಟ್ಟು ಒಂಬತ್ತು ನಗರಗಳಿವೆ. ಪಾಮ್ ಸ್ಪ್ರಿಂಗ್ಸ್, ಪಾಮ್ ಡೆಸರ್ಟ್, ಡೆಸರ್ಟ್ ಹಾಟ್ ಸ್ಪ್ರಿಂಗ್ಸ್ ಅಂತ ಇದ್ದ ನಾಲ್ಕೈದು ಪದಗಳನ್ನೇ ಕಲಸಿ ಹೆಸರಿಟ್ಟಿರುವುದರಿಂದ ಹೊರಗಿನವರಿಗೆ ಗೊಂದಲ ಆಗುವುದು ಸಹಜ. ಗೊಂದಲ ಆದರೆ ನನಗೆ ಕೋಪ ಇಲ್ಲ. ಮದುವೆ ಊಟ ಮುಗಿಸಿ, ಛತ್ರದಿಂದಲೇ ಬಸ್ಸು ಹತ್ತಿ, ಆ ಊರು ನೋಡಿ ಬಂದೆ, ಏನೂ ಇಲ್ಲ ಅನ್ನುವವರ ಮೇಲೆ ಕೋಪ.

ಆ ಹಬ್ಬಕ್ಕಿಂತ ಈ ಊರು ತುಂಬಾ ಹಳೆಯದು ಸ್ವಾಮಿ. ಹಬ್ಬ ಮೊದಲ ಸಲ ನಡೆದಿದ್ದು 1999ರ ಅಕ್ಟೋಬರ್‌ನಲ್ಲಿ, ಬಿಸಿಲಿಗೆ ಬೆಂದು, ಕೈಯಿಂದ ದುಡ್ಡು ಕಳೆದುಕೊಂಡು. ಮರುವರ್ಷ ನಡೆಯಲೇ ಇಲ್ಲ. ಎರಡು ವಾರಾಂತ್ಯದ ಜಾತ್ರೆ ಆಗಿದ್ದು 2012ರಿಂದ. ಅದು ಮುಗಿಯುತ್ತಿದ್ದಂತೆ ಅದೇ ಮೈದಾನದಲ್ಲಿ ಸ್ಟೇಜ್‌ಕೋಚ್, ಹಳ್ಳಿಗಾಡಿನ ಸಂಗೀತ, ಕೌಬಾಯ್ ಟೋಪಿ. ಏಪ್ರಿಲ್ ಪೂರ್ತಿ ಇಂಟರ್‌ಸ್ಟೇಟ್ 10 ಹೆದ್ದಾರಿಯನ್ನು ನಾವು ಮರೆತುಬಿಡುತ್ತೇವೆ.

ಇನ್ನು ಉಳಿದ ತಿಂಗಳುಗಳು. ಜನವರಿಯಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ. ಗಾಯಕ ಸನ್ನಿ ಬೋನೊ ಈ ಊರಿನ ಮೇಯರ್ ಆಗಿದ್ದಾಗ ಶುರು ಮಾಡಿಸಿದ್ದು. ಹೌದು, ಗಾಯಕಿ ಶೆರ್ ಜೊತೆ ಹಾಡುತ್ತಿದ್ದ ಅದೇ ಸನ್ನಿ. ಪತ್ರಿಕೆಗಳಲ್ಲಿ ಬರುವುದು ಪ್ರಶಸ್ತಿ ರಾತ್ರಿಯ ಫೋಟೋಗಳು ಮಾತ್ರ, ಆಸ್ಕರ್‌ಗೆ ಮುಂಚೆ ನಟನಟಿಯರು ಬಂದು ಕೈ ಬೀಸಿ ಹೋಗುತ್ತಾರಲ್ಲ, ಅವು. ಆ ಗದ್ದಲದ ಆಚೆ ನಡೆಯುವುದೇ ನಿಜವಾದ ಉತ್ಸವ. ವಿದೇಶಿ ಚಿತ್ರದ ಆಸ್ಕರ್‌ಗೆ ಬೇರೆ ಬೇರೆ ದೇಶಗಳು ಕಳಿಸಿದ ಸಿನಿಮಾಗಳಲ್ಲಿ ಬಹಳಷ್ಟು ಇಲ್ಲಿ ಒಟ್ಟಿಗೆ ನೋಡಲು ಸಿಗುತ್ತವೆ. ಕ್ಯೂನಲ್ಲಿ ನನ್ನ ಮುಂದೆ, ಹಿಂದೆ ಬಿಳಿ ಕೂದಲಿನ ಜನ. ಮಡಚುವ ಕುರ್ಚಿ, ಫ್ಲಾಸ್ಕ್ ಕಾಫಿ, ಪೆನ್ಸಿಲ್‌ನಲ್ಲಿ ಗುರುತು ಮಾಡಿದ ವೇಳಾಪಟ್ಟಿ. ಕೆನಡಾದಿಂದ ಚಳಿ ತಪ್ಪಿಸಿಕೊಂಡು ಬಂದ ಒಬ್ಬರು ಅಜ್ಜಿ ಇರಾನಿ ಸಿನಿಮಾದ ಬಗ್ಗೆ ನನಗೆ ಪಾಠ ಮಾಡಿದ್ದಾರೆ. ಅಂಥ ಪಾಠ ಕೇಳಲು ನಾನು ರಜೆ ಹಾಕಿ ಹೋಗುತ್ತೇನೆ.

ಫೆಬ್ರವರಿಯಲ್ಲಿ ಮಾಡರ್ನಿಸಂ ವೀಕ್. ವೀಕ್ ಅಂತಾರೆ, ನಡೆಯುವುದು ಹನ್ನೊಂದು ದಿನ. 1940ರಿಂದ 60ರ ನಡುವೆ ಕಟ್ಟಿದ ಚಪ್ಪಟೆ ಸೂರಿನ, ಗಾಜಿನ ಗೋಡೆಯ ಮನೆಗಳನ್ನು ನೋಡಲು ಜನ ಡಬಲ್ ಡೆಕರ್ ಬಸ್ಸಿನಲ್ಲಿ ಕೂತು ಊರು ಸುತ್ತುತ್ತಾರೆ. ನನಗೆ ಮೊದಮೊದಲು ನಗು ಬರುತ್ತಿತ್ತು, ಯಾರದೋ ಮನೆಯ ಗ್ಯಾರೇಜ್ ನೋಡಲು ಟಿಕೆಟ್ಟಾ ಅಂತ. ಆದರೆ ಟ್ರಾಮ್‌ವೇ ರಸ್ತೆಯ ತಿರುವಿನಲ್ಲಿ ಇರುವ ಪ್ರವಾಸಿ ಕೇಂದ್ರವನ್ನು ಒಮ್ಮೆ ನೋಡಿ. ವಾಸ್ತುಶಿಲ್ಪಿಗಳಾದ ಆಲ್ಬರ್ಟ್ ಫ್ರೇ ಮತ್ತು ರಾಬ್ಸನ್ ಚೇಂಬರ್ಸ್ 1965ರಲ್ಲಿ ಅದನ್ನು ಕಟ್ಟಿದ್ದು ಪೆಟ್ರೋಲ್ ಬಂಕ್ ಆಗಿ! ಚೂಪಾದ ತ್ರಿಕೋನದ ಸೂರು ಮರುಭೂಮಿಯ ಆಕಾಶಕ್ಕೆ ಹಾರಲು ಸಿದ್ಧವಾದಂತೆ ಚಾಚಿಕೊಂಡಿದೆ. ಬಂಕಿಗೂ ಇಷ್ಟು ಶ್ರದ್ಧೆಯಿಂದ ಸೂರು ಹಾಕಿದ ಊರಿನಲ್ಲಿ ಏನೂ ಇಲ್ಲವಂತೆ.

ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಟೆನಿಸ್. ಇದರ ಬಗ್ಗೆ ಒಂದೇ ಮಾತು: ದೊಡ್ಡ ಸ್ಟೇಡಿಯಂ ಟಿಕೆಟ್‌ಗೆ ಪರದಾಡಬೇಡಿ. ಗ್ರೌಂಡ್ ಪಾಸ್ ತಗೊಂಡು ಪ್ರಾಕ್ಟೀಸ್ ಕೋರ್ಟಿನ ಬೇಲಿಗೆ ಒರಗಿ ನಿಲ್ಲಿ. ಟಿವಿಯಲ್ಲಿ ನೋಡುವವರೆಲ್ಲ ನಿಮ್ಮ ಮುಂದೆಯೇ ಬೆವರು ಸುರಿಸುತ್ತಾರೆ.

ಇವೆಲ್ಲ ಕಾರ್ಯಕ್ರಮಗಳು, ಸರಿ. ಕ್ಯಾಲೆಂಡರ್ ನೋಡಿದರೆ ಯಾರಿಗೂ ಸಿಗುತ್ತವೆ. ನನ್ನ ಸಿಟ್ಟಿನ ಮೂಲ ಬೇರೆ ಕಡೆ ಇದೆ. ಹೋಟೆಲ್ ಕೊಳದ ಪಕ್ಕ ಮಲಗಿ, ಎದುರಿಗೆ ನಿಂತಿರುವ ಸ್ಯಾನ್ ಹಸಿಂಟೊ ಬೆಟ್ಟವನ್ನು ಸೆಲ್ಫಿಯ ಹಿಂದಿನ ಪರದೆ ಮಾಡಿಕೊಂಡು, ಇಲ್ಲೇನಿದೆ ಅಂತಾರಲ್ಲ, ಅದು. ಆ ಬೆಟ್ಟದ ಎತ್ತರ 10,834 ಅಡಿ. ನೀವು ಚಡ್ಡಿಯಲ್ಲಿ ಕೂತು ಐಸ್‌ಕ್ರೀಮ್ ತಿನ್ನುವಾಗ ಮೇಲೆ ಹಿಮ ಇರಬಹುದು. ಹತ್ತು ನಿಮಿಷದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಲು ತಂತಿಯ ಟ್ರಾಮ್ ಇದೆ, 1963ರಿಂದ. ಅದರ ಐದು ಗೋಪುರಗಳಲ್ಲಿ ನಾಲ್ಕನ್ನು ಕಟ್ಟಲು ರಸ್ತೆಯೇ ಇರಲಿಲ್ಲ. ಆಳುಗಳು, ಸಾಮಾನು ಎಲ್ಲ ಹೆಲಿಕಾಪ್ಟರ್‌ನಲ್ಲೇ ಹೋಗಿದ್ದು. ಕೆಳಗಿನ ನಿಲ್ದಾಣ 2,643 ಅಡಿಯಲ್ಲಿ, ಮೇಲಿನದು 8,516 ಅಡಿಯಲ್ಲಿ. ಡಬ್ಬಿ ನಿಧಾನಕ್ಕೆ ಸುತ್ತುತ್ತಾ ಏರುತ್ತೆ. ಕಳ್ಳಿ ಗಿಡದಲ್ಲಿ ಹೊರಟು ಪೈನ್ ಕಾಡಿನಲ್ಲಿ ಇಳಿಯುತ್ತೀರಿ. ಕೆಳಗಿನದಕ್ಕಿಂತ 30, 40 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ. ಸ್ವೆಟರ್ ಇಲ್ಲದೆ ಹೋಗಿ ನಡುಗುತ್ತಾ ಗಿಫ್ಟ್ ಶಾಪಿಗೆ ನುಗ್ಗುವವರನ್ನು ನೋಡುವುದು ನನ್ನ ಸಣ್ಣ ಸಂತೋಷಗಳಲ್ಲಿ ಒಂದು. ಕೆಟ್ಟ ಬುದ್ಧಿ, ಒಪ್ಪುತ್ತೇನೆ.

ಇನ್ನು ಇಂಡಿಯನ್ ಕ್ಯಾನ್ಯನ್ಸ್. ಪೇಟೆಯಿಂದ ಕಾರಿನಲ್ಲಿ ಮೂರ್ನಾಲ್ಕು ಹಾಡು ಮುಗಿಯುವಷ್ಟರಲ್ಲಿ ತಲುಪಬಹುದು. ಇದು ಅಗ್ವಾ ಕಲಿಯೆಂಟೆ ಕವೀಯಾ ಬುಡಕಟ್ಟಿನವರ ನೆಲ, ಅವರೇ ನೋಡಿಕೊಳ್ಳುತ್ತಾರೆ, ಟಿಕೆಟ್ ಅವರದು. ಪಾಮ್ ಕ್ಯಾನ್ಯನ್ ಹದಿನೈದು ಮೈಲಿ ಉದ್ದ. ಒಣ ಬಂಡೆಗಳ ನಡುವೆ ಇಳಿಯುತ್ತಾ ಹೋದರೆ ಸಣ್ಣ ತೊರೆ, ತೊರೆಯ ಎರಡೂ ಕಡೆ ಬೀಸಣಿಗೆ ತಾಳೆ ಮರಗಳು. ಒಣಗಿದ ಗರಿಗಳು ಉದುರದೆ ಕಾಂಡದ ಸುತ್ತ ಲಂಗದ ಹಾಗೆ ಇಳಿಬಿದ್ದಿರುತ್ತವೆ. ಗಾಳಿ ಬಂದಾಗ ಅವು ಸರಸರ ಅನ್ನುತ್ತವೆ. ರಸ್ತೆ ಬದಿಯಲ್ಲಿ ಸಾಲಾಗಿ ನೆಟ್ಟ, ಬುಡಕ್ಕೆ ದೀಪ ಹಾಕಿದ ತಾಳೆ ಮರ ನೋಡಿ ಫೋಟೋ ತೆಗೆಯುವವರಿಗೆ, ಈ ಮರ ತಾನಾಗಿ ಬೆಳೆಯುವ ಜಾಗ ಇಷ್ಟು ಹತ್ತಿರ ಇದೆ ಅಂತ ಹೇಳುವವರು ಯಾರು?

ತಾಳೆ ಇದ್ದರೆ ನೀರು ಇದೆ ಅಂತ ಅರ್ಥ. ಮರುಭೂಮಿಯಲ್ಲಿ ನೀರು ಎಲ್ಲಿಂದ ಬರುತ್ತೆ ಅನ್ನುವುದೇ ದೊಡ್ಡ ಕಥೆ. ಕಣಿವೆಯ ಆಚೆ ಬದಿಯ ಥೌಸಂಡ್ ಪಾಮ್ಸ್ ಓಯಸಿಸ್‌ಗೆ ಹೋಗಿ. ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಅಲ್ಲೇ ಹಾಯುತ್ತೆ. ಬಿರುಕಿನಲ್ಲಿ ಕಲ್ಲು ಅರೆದು ಅರೆದು ಜೇಡಿಯಂತಾಗಿ ನೆಲದೊಳಗಿನ ನೀರಿಗೆ ಅಡ್ಡ ನಿಂತಿದೆ. ದಾರಿ ಕಾಣದ ನೀರು ಮೇಲೆ ಬರುತ್ತೆ, ಅಲ್ಲೇ ತಾಳೆ ಹುಟ್ಟುತ್ತೆ. ಎತ್ತರದಲ್ಲಿ ನಿಂತು ನೋಡಿದರೆ ಬೋಳು ನೆಲದ ಮೇಲೆ ಹಸಿರಿನ ಗೆರೆ ಕಾಣುತ್ತೆ. ಇಡೀ ಕ್ಯಾಲಿಫೋರ್ನಿಯಾ ಹೆದರುವ ಬಿರುಕಿನ ನೆರಳಲ್ಲಿ ಕೂತು ನಾನು ಬುತ್ತಿ ತಿಂದಿದ್ದೇನೆ. ಇದಕ್ಕಿಂತ ಮಜವಾದ ಪಿಕ್‌ನಿಕ್ ಯಾವುದಿದೆ?

ನೀವು ಈಜುವ ಕೊಳದ ಕೆಳಗಿನ ನೆಲದ ವಿಷಯವೂ ಕೇಳಿ. ಊರಿನ ನಕ್ಷೆ ಚದುರಂಗದ ಹಲಗೆ: ಒಂದು ಚದರ ಮೈಲಿ ರೈಲು ಕಂಪನಿಗೆ, ಪಕ್ಕದ್ದು ಬುಡಕಟ್ಟಿಗೆ ಅಂತ 19ನೇ ಶತಮಾನದಲ್ಲಿ ಸರ್ಕಾರ ಹಂಚಿತ್ತು. ಬುಡಕಟ್ಟಿಗೆ ಹೋದ ಒಂದು ಚೌಕ, ಸೆಕ್ಷನ್ 14, ಪೇಟೆಯ ಮಧ್ಯದಲ್ಲೇ ಇದೆ. ಬಿಸಿನೀರಿನ ಚಿಲುಮೆ ಇರುವುದೂ ಅಲ್ಲೇ. ಊರಿನ ಹೋಟೆಲುಗಳಲ್ಲಿ, ಮನೆಗಳಲ್ಲಿ ದುಡಿಯುತ್ತಿದ್ದ ಕಪ್ಪು ಮತ್ತು ಲ್ಯಾಟಿನೋ ಕುಟುಂಬಗಳಿಗೆ ಬೇರೆಲ್ಲೂ ಮನೆ ಕೊಡುತ್ತಿರಲಿಲ್ಲ, ಅವರು ಇಲ್ಲಿ ಇದ್ದರು. 1950, 60ರ ದಶಕಗಳಲ್ಲಿ ಅವರನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು, ಸುಟ್ಟರು. 2024ರಲ್ಲಿ ನಗರಸಭೆ 59 ಲಕ್ಷ ಡಾಲರ್‌ನ ಪರಿಹಾರಕ್ಕೆ ಒಪ್ಪಿತು. ಈಗ ಅಲ್ಲೇ ಬುಡಕಟ್ಟಿನವರ ಮ್ಯೂಸಿಯಂ ಇದೆ, 2023ರಲ್ಲಿ ತೆರೆದಿದ್ದು. ಆದರೆ ಬಂದವರು ಎಲ್ಲಿ ಸಾಲು ನಿಲ್ಲುತ್ತಾರೆ? 26 ಅಡಿ ಎತ್ತರದ ಮರ್ಲಿನ್ ಮನ್ರೋ ಪ್ರತಿಮೆಯ ಲಂಗದ ಕೆಳಗೆ. ಹೆಚ್ಚು ಹೇಳಿದರೆ ನನ್ನ ರಕ್ತದೊತ್ತಡ ಏರುತ್ತೆ.

ಈಗ ಕಾಮೆಂಟ್‌ನಲ್ಲಿ ಬರುವ ಮಾತು ನನಗೆ ಗೊತ್ತು. "ಆ ಜನರ ದುಡ್ಡಿನಿಂದಲೇ ತಾನೇ ನಿನ್ನ ಹೊಟ್ಟೆ ತುಂಬುವುದು?" ನಿಜ. ಕೋಡಿಂಗ್ ಬಿಟ್ಟು ಹೋಟೆಲಿನ ಲೆಕ್ಕಪತ್ರಕ್ಕೆ ಬಂದು ಕೂತ ಕಥೆ ನಿಮಗೆಲ್ಲ ಗೊತ್ತೇ ಇದೆ. ಏಪ್ರಿಲ್‌ನಲ್ಲಿ ರೂಮಿನ ಬಾಡಿಗೆ ಎಷ್ಟು ಸಲ ಮೇಲಕ್ಕೆ ಹಾರುತ್ತೆ ಅಂತ ನನಗಿಂತ ಚೆನ್ನಾಗಿ ಯಾರು ಬಲ್ಲರು? ಆ ಹಣದಿಂದ ಊರಿನ ರಸ್ತೆ, ದೀಪ ನಡೆಯುತ್ತವೆ. ಬರಲಿ, ಕುಣಿಯಲಿ, ಬಿಲ್ಲು ಕಟ್ಟಲಿ. ಸಂಗೀತಕ್ಕೆ ನನ್ನ ತಕರಾರಿಲ್ಲ, ನಾನೂ ಒಂದು ಕಾಲದಲ್ಲಿ ಅಲ್ಲಿ ಧೂಳು ಕುಡಿದು ವಾರವಿಡೀ ಕೆಮ್ಮಿದವನೇ. ಆದರೆ ದುಡ್ಡು ಕೊಟ್ಟವರಿಗೆ ರೂಮು ಸಿಗುತ್ತೆ. ಊರಿಗೆ ಏನೂ ಇಲ್ಲ ಅಂತ ಸರ್ಟಿಫಿಕೇಟ್ ಕೊಡುವ ಹಕ್ಕು ಆ ಪ್ಯಾಕೇಜಿನಲ್ಲಿ ಸೇರಿಲ್ಲ. ಬಿಲ್ಲು ಬರೆಯುವುದು ನಾನೇ, ನೋಡಿದ್ದೇನೆ.

ಇನ್ನೊಂದು ಗುಂಪು ಇದೆ, "ಬೇಸಿಗೆಯಲ್ಲಿ ನೀವೇ ಇರಲ್ಲ, ಊರೇ ಖಾಲಿ" ಅನ್ನೋರು. ಅರ್ಧ ನಿಜ. ಮೇ ಕಳೆದರೆ ಚಳಿಗಾಲದ ಹಕ್ಕಿಗಳು, ಅಂದರೆ ಕೆನಡಾ, ಮಿನೆಸೋಟಾದ ಅಜ್ಜ ಅಜ್ಜಿಯರು, ಮನೆಗೆ ಬೀಗ ಹಾಕಿ ಹೊರಡುತ್ತಾರೆ. ಆಗಸ್ಟ್‌ನಲ್ಲಿ ಕೆಲವು ಹೋಟೆಲುಗಳ ಬಾಗಿಲ ಮೇಲೆ ಅಕ್ಟೋಬರ್‌ನಲ್ಲಿ ಸಿಗೋಣ ಅನ್ನುವ ಚೀಟಿ. 2024ರ ಜುಲೈ 5ರಂದು 124 ಡಿಗ್ರಿ ಮುಟ್ಟಿತು, ಅಂದರೆ ಸೆಲ್ಸಿಯಸ್‌ನಲ್ಲಿ 51. ಈ ಊರಿನ ದಾಖಲೆ ಅದು. ಸ್ಟೀರಿಂಗ್ ಮುಟ್ಟಲು ಕೈಗವಸು ಬೇಕಾಗುತ್ತೆ. ಕರೆಂಟ್ ಬಿಲ್ ನೋಡಲು ಗಟ್ಟಿ ಗುಂಡಿಗೆ ಬೇಕಾಗುತ್ತೆ.

ಆದರೂ ನಾವು ಇರುತ್ತೇವೆ. ಅಂಗಡಿಯವರು, ನರ್ಸ್‌ಗಳು, ಹೋಟೆಲ್ ಕೆಲಸದವರು, ಬೆಳಗಿನ ಜಾವ ಇದೇ ಕಣಿವೆಯ ಮೆಕ್ಕಾ, ಥರ್ಮಲ್ ಅನ್ನೋ ಹಳ್ಳಿಗಳ ಕಡೆ ದ್ರಾಕ್ಷಿ ಕೀಳಲು ಹೋಗುವವರು. ಅಲ್ಲೇ ಖರ್ಜೂರದ ತೋಟಗಳೂ ಇವೆ. ಮರ ಹತ್ತುವ ಪಾಲ್ಮೆರೋಗಳು ಒಂದೊಂದು ಮರವನ್ನೂ ವರ್ಷದಲ್ಲಿ ಮತ್ತೆ ಮತ್ತೆ ಹತ್ತುತ್ತಾರೆ. ಮುಳ್ಳು ಕೀಳಲು, ಕೈಯಾರೆ ಪರಾಗ ಹಾಕಲು, ಗೊನೆಗೆ ಚೀಲ ಕಟ್ಟಲು, ಆಮೇಲೆ ಹಣ್ಣು ಇಳಿಸಲು. ಹಬ್ಬಕ್ಕೆ ಬಂದವರು ಡೇಟ್ ಶೇಕ್ ಕುಡಿದು ಫೋಟೋ ಹಾಕುತ್ತಾರಲ್ಲ, ಆ ಲೋಟದ ಹಿಂದೆ ಒಂದು ಏಣಿ ಇದೆ.

ಮತ್ತೆ, ಬೇಸಿಗೆಯಲ್ಲೂ ವಿಲೇಜ್‌ಫೆಸ್ಟ್ ಇದೆ, ಒಂದು ಗಂಟೆ ತಡವಾಗಿ ಶುರುವಾಗುತ್ತೆ ಅಷ್ಟೇ. ಕ್ಯಾನ್ಯನ್‌ಗಳು ವಾರದಲ್ಲಿ ಮೂರು ದಿನ ತೆರೆದಿರುತ್ತವೆ, ಆದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಬೇಗ ವಾಪಸ್ ಬರಬೇಕು. ಮಧ್ಯಾಹ್ನ ಅರ್ಧ ಲೀಟರ್ ಬಾಟಲಿ ಹಿಡಿದು ಬೆಟ್ಟ ಹತ್ತಿ, ಆಮೇಲೆ ಹೆಲಿಕಾಪ್ಟರ್ ಬೇಕು ಅಂತ ಕೂಗುವವರು ಪ್ರತಿ ವರ್ಷ ಇದ್ದಾರೆ. ದಯವಿಟ್ಟು ಅವರಲ್ಲಿ ನೀವು ಒಬ್ಬರಾಗಬೇಡಿ. ನನ್ನ ತಲೆನೋವು ಜಾಸ್ತಿ ಮಾಡಬೇಡಿ.

ಈಗ ಒಂದು ನಿಜ ಹೇಳಿಬಿಡುತ್ತೇನೆ. ನೀವು ಯಾರೂ ಇದನ್ನೆಲ್ಲ ನೋಡದೆ ವಾಪಸ್ ಹೋಗುವುದು ನನಗೆ ಒಳಗೊಳಗೆ ಖುಷಿಯೇ. ಜುಲೈ ಬೆಳಿಗ್ಗೆ ಪಾಮ್ ಕ್ಯಾನ್ಯನ್‌ನಲ್ಲಿ ನಾನೊಬ್ಬನೇ ಇರುತ್ತೇನೆ. ಆ ಲಂಗದ ಮರಗಳು, ಒಂದೆರಡು ಹಲ್ಲಿ, ನಾನು. ಈ ಬರಹ ಓದಿ ಹತ್ತು ಜನ ಅಲ್ಲಿ ಬಂದು ಸ್ಪೀಕರ್ ಹಾಕಿದರೆ ನನ್ನ ಕಥೆ ಮುಗೀತು. ಹಾಗಾದರೆ ಯಾಕೆ ಬರೆದೆ ಅಂತ ಕೇಳಬೇಡಿ. ಕೋಪ ಬಂದಿತ್ತು, ಬರೆದೆ.

ಬರುವವರಿಗೆ: ಜೋರು ಗಾಳಿ ಇರುವ ದಿನ ಜೀನ್ ಆಟ್ರಿ ಟ್ರೇಲ್ ಅನ್ನೋ ರಸ್ತೆ ಮರಳು ತುಂಬಿ ಮುಚ್ಚಿರುತ್ತೆ, ಫೋನಿನ ನಕ್ಷೆ ನಂಬಬೇಡಿ. ಟ್ರಾಮ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ರಿಪೇರಿಗೆ ನಿಲ್ಲುತ್ತೆ, ನೋಡಿಕೊಂಡು ಬನ್ನಿ. ಸ್ವೆಟರ್ ತನ್ನಿ. ಜನವರಿಯಲ್ಲಿ ಬಂದರೆ ಸಿನಿಮಾ ಕ್ಯೂನಲ್ಲಿ ಜಾಗ ಹಿಡಿದಿರುತ್ತೇನೆ, ಕಾಫಿ ನಿಮ್ಮದು. ಏಪ್ರಿಲ್‌ನಲ್ಲಿ ಬಂದರೆ ನನ್ನ ಫೋನ್ ಸ್ವಿಚ್ ಆಫ್. ರೂಮಿಗೆ ಸ್ಟಾಫ್ ಡಿಸ್ಕೌಂಟ್ ಸಿಗುತ್ತಾ ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದವರಿಗೆ ಇಲ್ಲೇ ಉತ್ತರ: ಸಿಗಲ್ಲ.