ಮೀಟರು ಅಳೆಯುವುದು ಮೈಯನ್ನು; ಮನೆಯನ್ನು ಅಳೆಯುವವರು ಯಾರು?

ಸೋಮವಾರ ಆಸ್ಪತ್ರೆಗೆ ಹೋಗಿ ಬಂದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅದು ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಯ ನಂತರದ ನನ್ನ ವಾರ್ಷಿಕ ತಪಾಸಣೆಯ ದಿನ. ಕತ್ತಿನ ಬುಡದಲ್ಲಿ ಶಸ್ತ್ರಚಿಕಿತ್ಸೆ ಬಿಟ್ಟುಹೋದ ಗೆರೆಯ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ರಕ್ತ ಕೊಟ್ಟು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಹೊರಗಿನ ಬೆಂಚಿನಲ್ಲಿ ಕುಳಿತಿದ್ದಾಗ, ವಿಕಿರಣಶೀಲ ಅಯೋಡಿನ್ ಕೊಡುವ ವಾರ್ಡಿನಿಂದ ಆಗಷ್ಟೇ ಬಿಡುಗಡೆಯಾದ ಹಾವೇರಿ ಕಡೆಯ ಹೆಂಗಸೊಬ್ಬರು ಕೈಯಲ್ಲಿ ಎರಡು ಹಾಳೆ ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ಹಾಳೆಯಲ್ಲಿದ್ದುದೆಲ್ಲ ಇಂಗ್ಲಿಷು. ಒಳಗಿದ್ದ ಹುಡುಗ ಅವಸರದಲ್ಲಿ ಕನ್ನಡದಲ್ಲಿ ಹೇಳುತ್ತಿದ್ದ: ಬೇರೆ ಕೋಣೆಯಲ್ಲಿ ಮಲಗಬೇಕು, ಬೇರೆ ಶೌಚಾಲಯ ಬಳಸಬೇಕು, ಗರ್ಭಿಣಿಯರಿಂದ ಮತ್ತು ಮಕ್ಕಳಿಂದ ದೂರವಿರಬೇಕು. ಆಕೆ ಪೂರ್ತಿ ಕೇಳಿಸಿಕೊಂಡು, "ನಮ್ಮನ್ಯಾಗ ಇರೋದು ಒಂದ ಪಡಸಾಲಿ, ಒಂದ ಅಡಗಿಮನಿರೀ. ಸೊಸಿಗೆ ಏಳು ತಿಂಗಳ. ಬ್ಯಾರೆ ಕೋಣಿ ಎಲ್ಲಿಂದ ತರೂದು?" ಎಂದರು. ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಹೇಗಾದರೂ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ" ಎಂದು ಮುಂದಿನವರನ್ನು ಕರೆದ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಬಹುದಾಗಿದ್ದುದೇ ಅಷ್ಟು. ನನ್ನ ಸಿಟ್ಟು ಇರುವುದು ಆ ಪ್ರಶ್ನೆ ಅಷ್ಟು ತಡವಾಗಿ, ಅದೂ ರೋಗಿಯ ಬಾಯಿಂದಲೇ ಬರಬೇಕಾಯಿತಲ್ಲ ಎಂಬುದರ ಮೇಲೆ. ಚಿಕಿತ್ಸೆಗೆ ಮೊದಲು ನಮ್ಮನ್ನು ಕೇಳದೆ ಬಿಡುವ ಪ್ರಶ್ನೆಯೇ ಇರುವುದಿಲ್ಲ. ಥೈರಾಯ್ಡ್ ಹಾರ್ಮೋನಿನ ಬದಲಿಗೆ ನುಂಗುವ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿ ನಾಲ್ಕು ವಾರವಾಯಿತೇ, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ರಕ್ತದಲ್ಲಿ 30 ದಾಟಿತೇ, ಅಯೋಡಿನ್ ಸೇರಿದ ಉಪ್ಪು ಬಿಟ್ಟಿರಾ, ಹಾಲು ಮೊಸರು ಮೀನು ಮೊಟ್ಟೆ ಬಿಟ್ಟಿರಾ, ಕೊನೆಯ ಮುಟ್ಟು ಯಾವಾಗ, ಎಲ್ಲವನ್ನೂ ಕೇಳುತ್ತಾರೆ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಜನ, ಊರಿಗೆ ಹೋಗುವುದು ಯಾವುದರಲ್ಲಿ ಎಂದು ನನ್ನನ್ನು ಆರು ವರ್ಷದ ಹಿಂದೆ ಯಾರೂ ಕೇಳಲಿಲ್ಲ, ಆಕೆಯನ್ನು ಈಗಲೂ ಕೇಳಿಲ್ಲ.

ಈ ಚಿಕಿತ್ಸೆ ಪಡೆಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೆ, ಉಳಿದ ಜೀವಕೋಶಗಳನ್ನು ಸುಡಲು ವಿಕಿರಣಶೀಲ ಅಯೋಡಿನ್-131 ಕುಡಿಸುತ್ತಾರೆ ಅಥವಾ ಕ್ಯಾಪ್ಸೂಲಿನಲ್ಲಿ ನುಂಗಿಸುತ್ತಾರೆ. ಥೈರಾಯ್ಡ್ ಕೋಶಗಳಿಗೆ ಅಯೋಡಿನ್ ಎಂದರೆ ಹಸಿವು, ಅವೇ ಅದನ್ನು ಎಳೆದುಕೊಂಡು ಸಾಯುತ್ತವೆ. ಉಳಿದದ್ದರಲ್ಲಿ ಬಹುಪಾಲು ಮೊದಲ ಎರಡು ದಿನಗಳಲ್ಲಿ ಮೂತ್ರದಲ್ಲಿ, ಸ್ವಲ್ಪ ಬೆವರು ಮತ್ತು ಎಂಜಲಿನಲ್ಲಿ ಹೊರಗೆ ಹೋಗುತ್ತದೆ. ಅದು ಮೈಯಲ್ಲಿರುವಷ್ಟು ದಿನ ರೋಗಿಯ ಮೈಯೇ ಗಾಮಾ ಕಿರಣ ಸೂಸುತ್ತಿರುತ್ತದೆ. ಆದ್ದರಿಂದಲೇ ಸೀಸ ತುಂಬಿದ ಬಾಗಿಲಿನ ವಾರ್ಡು, ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಹೋಗುವ ಊಟ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು, ಎಂಜಲಿನ ಗ್ರಂಥಿಗೆ ಪೆಟ್ಟಾಗದಿರಲೆಂದು ಚೀಪುವ ನಿಂಬೆಹುಳಿ. ಶೌಚಾಲಯದಲ್ಲಿ ಎರಡೆರಡು ಬಾರಿ ಫ್ಲಶ್ ಮಾಡಿದ ನೀರು ನೇರವಾಗಿ ಒಳಚರಂಡಿಗೆ ಹೋಗುವುದಿಲ್ಲ, ಬೇರೆಯೇ ಟ್ಯಾಂಕಿನಲ್ಲಿ ನಿಂತು, ವಿಕಿರಣ ಇಳಿದ ಮೇಲೆ ಹೊರಗೆ ಬಿಡುತ್ತಾರೆ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 8 ದಿನ, ಅದಕ್ಕೇ ಅಷ್ಟು ಕಾಯುವಿಕೆ.

ಬಿಡುಗಡೆಯ ದಿನ ವಿಕಿರಣ ಸುರಕ್ಷತಾ ಅಧಿಕಾರಿ ವಿಕಿರಣ ಅಳೆಯುವ ಮೀಟರು ಹಿಡಿದು ಒಂದು ಮೀಟರ್ ದೂರದಲ್ಲಿ ನಿಲ್ಲುತ್ತಾರೆ. ಮೈಗೆ ತಗಲುವ ವಿಕಿರಣವನ್ನು ಸೀವರ್ಟಿನಲ್ಲೂ ಔಷಧದ ಪ್ರಮಾಣವನ್ನು ಕ್ಯೂರಿಯಲ್ಲೂ ಅಳೆಯುತ್ತಾರೆ. ನಮ್ಮ ದೇಶದಲ್ಲಿ ಗಂಟೆಗೆ 50 ಮೈಕ್ರೋಸೀವರ್ಟಿಗಿಂತ ಕಡಿಮೆ ಬಂದರೆ, ಅಂದರೆ ಮೈಯಲ್ಲಿ ಸುಮಾರು 30 ಮಿಲಿಕ್ಯೂರಿಯಷ್ಟೇ ಉಳಿದಿದ್ದರೆ, ಮನೆಗೆ ಹೋಗಬಹುದು. ನನಗೆ ಅಂದು ಬಂದದ್ದು 38. ಆ ಅಂಕಿ ಕೇಳಿ ನಾನು ಅತ್ತುಬಿಟ್ಟಿದ್ದೆ, ಅಷ್ಟು ಖುಷಿಯಾಗಿತ್ತು. ಅದು ಅಂದಿನ ಬಾಗಿಲು ತೆರೆಯುವ ಸಂಖ್ಯೆಯೇ ಹೊರತು ಮನೆಯೊಳಗಿನ ಸುರಕ್ಷತೆಯ ಸಂಖ್ಯೆಯಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಲೆಕ್ಕ ಕಷ್ಟದ್ದಲ್ಲ. ಗಂಟೆಗೆ 50ರಂತೆ ಒಂದು ಮೀಟರ್ ದೂರದಲ್ಲಿ 20 ಗಂಟೆ ಕುಳಿತರೆ 1000 ಮೈಕ್ರೋಸೀವರ್ಟ್, ಅಂದರೆ 1 ಮಿಲಿಸೀವರ್ಟ್ ಆಗುತ್ತದೆ. ಸಾಮಾನ್ಯ ಜನರಿಗೆ ಇಡೀ ವರ್ಷಕ್ಕೆ ನಿಗದಿಪಡಿಸಿರುವ ಮಿತಿಯೇ ಅದು. ಅಳತೆ ದಿನದಿನಕ್ಕೆ ಇಳಿಯುವುದು ನಿಜ, ದೂರ ಇಮ್ಮಡಿಯಾದರೆ ಕಿರಣ ಕಾಲುಭಾಗಕ್ಕೆ ಇಳಿಯುವುದೂ ನಿಜ. ಆದರೆ ದೂರ ಎಂಬುದು ಜಾಗವಿದ್ದವರ ಹತ್ತಿರ ಮಾತ್ರ ಇರುತ್ತದೆ. ಹಾವೇರಿಯ ಬಸ್ಸಿನಲ್ಲಿ ಮೂರು ಜನರ ಸೀಟಿನ ನಡುವೆ ಕುಳಿತು ರಾತ್ರಿಯಿಡೀ ಪ್ರಯಾಣ ಮಾಡುವವರಿಗೆ ಆ ಒಂದು ಮೀಟರನ್ನು ಯಾರು ಬಿಟ್ಟುಕೊಡುತ್ತಾರೆ?

ಬೇರೆ ದೇಶಗಳನ್ನು ನೋಡಿದರೆ ಇದು ವಿಜ್ಞಾನವೊಂದೇ ತೀರ್ಮಾನಿಸಿದ ವಿಷಯವಲ್ಲ ಎಂಬುದು ಗೊತ್ತಾಗುತ್ತದೆ. ಜರ್ಮನಿಯಲ್ಲಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು, ಬಿಡುವಾಗ ಎರಡು ಮೀಟರ್ ದೂರದಲ್ಲಿ ಗಂಟೆಗೆ 3.5 ಮೈಕ್ರೋಸೀವರ್ಟಿಗೆ ಇಳಿದಿರಬೇಕು. ಅಮೆರಿಕದಲ್ಲಿಯೂ ಮೊದಲು ನಮ್ಮಂತೆ 30 ಮಿಲಿಕ್ಯೂರಿಯ ಗೆರೆಯಿತ್ತು. 1997ರಲ್ಲಿ ಅದನ್ನು ತೆಗೆದು, ರೋಗಿಯಿಂದ ಮತ್ತೊಬ್ಬರಿಗೆ 5 ಮಿಲಿಸೀವರ್ಟಿಗಿಂತ ಹೆಚ್ಚು ತಗಲುವ ಸಂಭವವಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದರೆ ಅದೇ ದಿನ ಕಳುಹಿಸಬಹುದು ಎಂದರು. ಪರಿಣಾಮವಾಗಿ, ಮನೆಯಲ್ಲಿ ಪುಟ್ಟ ಮಕ್ಕಳಿದ್ದ ರೋಗಿಗಳು ಆಸ್ಪತ್ರೆಯಿಂದ ನೇರವಾಗಿ ಹೋಟೆಲು ಕೋಣೆಗಳಿಗೆ ಹೋಗತೊಡಗಿದರು. ಅವರು ಬಿಟ್ಟುಹೋದ ಹಾಸಿಗೆ ಬಟ್ಟೆಯನ್ನು ಏನೂ ತಿಳಿಯದ ಕೆಲಸದವರು ಮುಟ್ಟಬೇಕಾಗಿತ್ತು. 2010ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಎಡ್ವರ್ಡ್ ಮಾರ್ಕಿ ಇದನ್ನು ಗಟ್ಟಿಯಾಗಿ ಎತ್ತಿದರು, ಮರುವರ್ಷ ಅಲ್ಲಿನ ಪರಮಾಣು ನಿಯಂತ್ರಣ ಆಯೋಗ ರೋಗಿಗಳನ್ನು ಹೋಟೆಲಿಗೆ ಕಳುಹಿಸುವುದು ಸಲ್ಲದೆಂದು ಸೂಚಿಸಿತು. ಆ ರೋಗಿಗಳು ಹೋಟೆಲಿಗೆ ಹೋದದ್ದು ಬೇಜವಾಬ್ದಾರಿಯಿಂದ ಎಂದು ನಾನು ನಂಬುವುದಿಲ್ಲ. ತಮ್ಮ ಮಕ್ಕಳಿಂದ ದೂರ ಇರಬೇಕೆಂಬ ಮಾತನ್ನು ಅವರು ಪಾಲಿಸಿದ್ದರು, ಪಾಲಿಸಲು ಬೇಕಾದ ಜಾಗವನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ. ಹಾವೇರಿಯ ಆ ತಾಯಿಗೆ ಹೋಟೆಲಿನ ದಾರಿಯೂ ಇಲ್ಲ.

ಇದನ್ನೆಲ್ಲ ನನ್ನ ವೈದ್ಯ ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳಿದೆ. ಅವಳ ವಾದ ಎರಡು. ಅಯೋಡಿನ್ ವಾರ್ಡಿನ ಹಾಸಿಗೆಗಳು ಕಡಿಮೆ, ಒಬ್ಬರನ್ನು ಎರಡು ದಿನ ಹೆಚ್ಚು ಇಟ್ಟುಕೊಂಡರೆ ಸರದಿಯಲ್ಲಿರುವ ಇನ್ನೊಬ್ಬರು ಕಾಯಬೇಕಾಗುತ್ತದೆ. ಎರಡನೆಯದು, ಈಗ ಕೊಡುವ ಅಯೋಡಿನ್ನಿನ ಪ್ರಮಾಣವೇ ಇಳಿದಿದೆ. ಎರಡೂ ಸುಳ್ಳಲ್ಲ. ನಾನೇ ಎರಡು ತಿಂಗಳು ಸರದಿ ಕಾದವಳು. ಕಡಿಮೆ ಅಪಾಯದ ರೋಗಿಗಳಿಗೆ 25 ಮಿಲಿಕ್ಯೂರಿಯೂ 50ರಷ್ಟೇ ಕೆಲಸ ಮಾಡುತ್ತದೆ ಎಂದು ದೆಹಲಿಯ ಏಮ್ಸ್‌ನ ಚಂದ್ರಶೇಖರ್ ಬಾಲ್ ಮತ್ತು ಸಂಗಡಿಗರು 509 ರೋಗಿಗಳ ಅಧ್ಯಯನದಲ್ಲಿ 2004ರಲ್ಲೇ ತೋರಿಸಿದ್ದರು, 2012ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಎರಡು ದೊಡ್ಡ ಪ್ರಯೋಗಗಳು 30 ಮಿಲಿಕ್ಯೂರಿಯೂ 100ಕ್ಕೆ ಸಮ ಎಂದವು. ರೋಗಿಯ ದೇಹಕ್ಕೆ ಅದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಗೆಳತಿ ಗಮನಿಸದ ಒಂದು ಸಂಗತಿಯಿದೆ. 100 ಮಿಲಿಕ್ಯೂರಿ ಕುಡಿದ ನಾನು ಮೂರು ದಿನ ವಾರ್ಡಿನಲ್ಲಿದ್ದು, ಹೆಚ್ಚಿನದನ್ನು ಆ ಟ್ಯಾಂಕಿಗೆ ಬಿಟ್ಟು ಮನೆಗೆ ಬಂದೆ. 30 ಕುಡಿದು ಅದೇ ದಿನ ಹೊರಡುವವರು ಆ ಮೂವತ್ತನ್ನೂ ಮೈಯಲ್ಲಿಟ್ಟುಕೊಂಡು ಹೋಗುತ್ತಾರೆ. ಮೊದಲ ಎರಡು ದಿನದ ಮೂತ್ರ ಹೋಗುವುದು ಅವರ ಮನೆಯ ಶೌಚಾಲಯಕ್ಕೆ, ಮನೆಮಂದಿಯೆಲ್ಲ ಬಳಸುವ ಒಂದೇ ಶೌಚಾಲಯಕ್ಕೆ. ಹಾಗಾಗಿ ಪ್ರಮಾಣ ಇಳಿದಷ್ಟೂ ಮನೆಯ ಪ್ರಶ್ನೆ ದೊಡ್ಡದಾಗುತ್ತದೆ.

ಇಲ್ಲೊಂದು ಮಾತು ಹೇಳಬೇಕು, ಈವರೆಗೆ ಯಾರಿಗೂ ಹೇಳಿಲ್ಲ, ಮನೆಯವರಿಗೂ ಹೇಳಿಲ್ಲ. ನನಗೆ ಬೇರೆ ಕೋಣೆಯಿತ್ತು, ಅದಕ್ಕೆ ಹೊಂದಿಕೊಂಡ ಬಚ್ಚಲೂ ಇತ್ತು. ಅಮ್ಮ ತಿಪಟೂರಿನಿಂದ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು. ಮೂರನೆಯ ರಾತ್ರಿ ಮಗಳಿಗೆ ಜ್ವರ ಬಂತು. ಮೂರೂವರೆ ವರ್ಷದ ಕೂಸು ಬಾಗಿಲ ಹೊರಗೆ ಕುಳಿತು ಕೈಯಿಂದ ಬಾಗಿಲು ಬಡಿಯುತ್ತ, "ಅಮ್ಮ, ನಾನು ಮುಟ್ಟಲ್ಲ, ಬರೀ ನೋಡ್ತೀನಿ" ಎಂದು ಅಳುತ್ತಿತ್ತು. ಅಮ್ಮನಿಗೆ ನಿದ್ದೆ ಹತ್ತಿತ್ತು. ನಾನು ಬಾಗಿಲು ತೆರೆದೆ. ಅರ್ಧ ಗಂಟೆ ಅವಳನ್ನು ಎದೆಗೊರಗಿಸಿಕೊಂಡು ಮಲಗಿಸಿದೆ. ತಗಲಿದ್ದು ಅಲ್ಪವೇ ಎಂದು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡಿದ್ದೇನೆ. ಆದರೂ ಅವಳ ಕತ್ತು ಸವರುವಾಗಲೆಲ್ಲ ನನ್ನ ಬೆರಳು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಎಲ್ಲ ಅನುಕೂಲವಿದ್ದ ನನ್ನ ಕೈಯಲ್ಲೇ ಏಳು ದಿನ ದೂರವಿರಲು ಆಗಲಿಲ್ಲ. ಒಂದು ಪಡಸಾಲೆಯ ಮನೆಯಲ್ಲಿ ಏಳು ತಿಂಗಳ ಬಸುರಿ ಸೊಸೆಯ ಜೊತೆ ಇರುವವರಿಗೆ ಅಡ್ಜಸ್ಟ್ ಮಾಡಿಕೊಳ್ಳಿ ಎಂದರೆ ಅವರು ಏನು ಮಾಡಬೇಕು?

ಎಲ್ಲರನ್ನೂ ಜರ್ಮನಿಯಂತೆ ಇಟ್ಟುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಮನೆಯ ಪ್ರಶ್ನೆಯನ್ನು ಮೊದಲೇ ಕೇಳಿ ಎನ್ನುತ್ತಿದ್ದೇನೆ, ಅದೂ ಔಷಧಕ್ಕೆ ಬೇಡಿಕೆ ಕಳುಹಿಸುವ ಮುನ್ನ, ಯಾಕೆಂದರೆ ರಿಯಾಕ್ಟರಿನಲ್ಲಿ ತಯಾರಾಗುವ ಈ ಔಷಧ ತಾನಾಗಿಯೇ ಕ್ಷಯಿಸುತ್ತ ಬರುತ್ತದೆ, ಒಮ್ಮೆ ತರಿಸಿದ ಮೇಲೆ ಯಾರಿಗೂ ದಿನ ಮುಂದೂಡುವ ಮನಸ್ಸಿರುವುದಿಲ್ಲ. ಹದಿನೈದು ದಿನ ಮೊದಲೇ ಕೇಳಿದ್ದರೆ ಆ ಸೊಸೆ ತವರಿಗೆ ಹೋಗಬಹುದಿತ್ತು. ಹೋಗುವ ತವರಿಲ್ಲದಿದ್ದರೆ ಮೀಟರು 50ಕ್ಕೆ ಇಳಿದ ಮೇಲೂ ಅತ್ತೆಯನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುವ ಅಧಿಕಾರ ವೈದ್ಯರಿಗಿರಬೇಕು, ಆ ಎರಡು ದಿನದ ಖರ್ಚು ರೋಗಿಯ ತಲೆಯ ಮೇಲೆ ಬೀಳಬಾರದು. ದೊಡ್ಡ ಆಸ್ಪತ್ರೆಗಳ ಪಕ್ಕದಲ್ಲಿ ಧರ್ಮಶಾಲೆಗಳಿವೆ, ಆದರೆ ಅಲ್ಲಿ ಕಿಮೋಥೆರಪಿಯಿಂದ ಬಳಲಿದವರ ಪಕ್ಕದ ಚಾಪೆಯಲ್ಲಿ ಇವರನ್ನು ಮಲಗಿಸಲಾಗದು. ಪ್ರತ್ಯೇಕ ಬಚ್ಚಲಿನ ನಾಲ್ಕು ಕೋಣೆ ಕಟ್ಟಿಸುವುದು ಆಗದ ಮಾತೇ? ಆ ಹಾಳೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಹೊಸ ಕಟ್ಟಡವೂ ಬೇಕಿಲ್ಲ.

ಸೋಮವಾರ ಎರಡು ಮೀಟರ್ ದೂರದಲ್ಲೇ ನಿಂತು ಹಾವೇರಿಯ ಆ ತಾಯಿಗೆ ನನ್ನ ನಂಬರು ಕೊಟ್ಟಿದ್ದೆ. ನಿನ್ನೆ ಸಂಜೆ ಫೋನು ಬಂತು. ದನದ ಕೊಟ್ಟಿಗೆಯ ಒಂದು ಮೂಲೆಗೆ ಮಗ ಗೋಣಿಚೀಲ ಕಟ್ಟಿ ಮರೆ ಮಾಡಿಕೊಟ್ಟಿದ್ದಾನಂತೆ, ತಟ್ಟೆಯನ್ನು ಸೊಸೆ ಹೊಸ್ತಿಲಲ್ಲಿಟ್ಟು ಹೋಗುತ್ತಾಳಂತೆ. "ಅಕ್ಕಾರ, ಇಲ್ಲಿ ಎಷ್ಟ ದಿನ ಮಲಗಬೇಕಂತ ಆ ಹಾಳ್ಯಾಗ ಬರದಾರ, ಓದಿ ಹೇಳ್ರಿ" ಎಂದು ಕೇಳಿ, ಮಗನಿಂದ ಫೋಟೋ ಕಳುಹಿಸಿದರು. ಎರಡೂ ಹಾಳೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಪ್ರತ್ಯೇಕವಾಗಿ ಮಲಗಬೇಕಾದ ದಿನಗಳು ಎಂಬ ಸಾಲಿನ ಮುಂದೆ ಸಂಖ್ಯೆ ತುಂಬಲು ಬಿಟ್ಟಿದ್ದ ಜಾಗದಲ್ಲಿ ಯಾರೂ ಏನೂ ಬರೆದಿರಲಿಲ್ಲ.