ಅಂಚಿನಲ್ಲಿ ಒಂದು ಹೆಸರಿದೆ, ಕರಗಿಸಬೇಡಿ

ಹೋದ ತಿಂಗಳು ಹೊಸಕೋಟೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಗೆಳೆಯನ ದೊಡ್ಡಮ್ಮನ ಮನೆ. ನಾನು ಹಳೇ ಮಿಲಿಟರಿ ಪದಕಗಳನ್ನು ಕೂಡಿಡೋನು ಅಂತ ಅವನು ಮೊದಲೇ ಹೇಳಿಟ್ಟಿದ್ದ. ಅಜ್ಜಿ ಟ್ರಂಕಿನ ತಳದಿಂದ ಒಂದು ಬಟ್ಟೆಗಂಟು ತೆಗೆದು ಬಿಚ್ಚಿದರು. ಒಳಗೆ ಕಂಚಿನ ಪದಕ. ಮುಂದೆ ರೆಕ್ಕೆಯಿರುವ ವಿಜಯದೇವತೆ. ಹಿಂದೆ ಇಂಗ್ಲಿಷಿನಲ್ಲಿ 'ನಾಗರಿಕತೆಗಾಗಿ ನಡೆದ ಮಹಾಯುದ್ಧ, 1914-1919' ಅಂತ ಇದೆ. ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್.

"ಇದರ ಜೊತೆ ಬೆಳ್ಳೀದು ಒಂದಿತ್ತಲ್ವಾ ದೊಡ್ಡಮ್ಮ?" ಅಂದೆ.

"ಇತ್ತು ಕಣಪ್ಪ. ಬೆಳ್ಳಿ ರೇಟು ಏರಿತ್ತಲ್ಲ, ಆಗ ನಮ್ಮನೆಯವ್ರು ಮಾರಿಬಿಟ್ರು. ಇದನ್ನ ಯಾರೂ ತಗೊಳ್ಲಿಲ್ಲ."

ನಾನು ಕೇಳಿದ್ದು ಊಹೆಯಿಂದಲ್ಲ. ವಿಕ್ಟರಿ ಮೆಡಲನ್ನು ಒಂಟಿಯಾಗಿ ಕೊಡುತ್ತಿರಲಿಲ್ಲ. ಅದರ ಜೋಡಿ ಬ್ರಿಟಿಷ್ ವಾರ್ ಮೆಡಲ್ ಇರಲೇಬೇಕು. 36 ಮಿಲಿಮೀಟರ್ ಅಗಲದ ಬೆಳ್ಳಿ ಬಿಲ್ಲೆ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಸವಾರ. ಯುದ್ಧ ಶುರುವಾದ ಹೊಸದರಲ್ಲೇ ಹೋದವರಿಗೆ ಇವೆರಡರ ಜೊತೆ ಕಂಚಿನ ಸ್ಟಾರ್ ಕೂಡ ಇರುತ್ತಿತ್ತು. 1980ರಲ್ಲಿ ಜಗತ್ತಿನ ತುಂಬಾ ಬೆಳ್ಳಿ ಬೆಲೆ ಹುಚ್ಚು ಹಿಡಿದಂತೆ ಏರಿತು. ಆಗ ಲೆಕ್ಕವಿಲ್ಲದಷ್ಟು ವಾರ್ ಮೆಡಲ್‌ಗಳು ಮೂಸೆಗೆ ಹೋದವು. ಅದಕ್ಕೇ ಇವತ್ತು ಎಷ್ಟೋ ಮನೆಗಳಲ್ಲಿ ಕಂಚು ಉಳಿದಿದೆ, ಬೆಳ್ಳಿ ಇಲ್ಲ. ಈಗ ಬೆಳ್ಳಿ ಬೆಲೆ ಮತ್ತೆ ಏರಿದೆ. ನನಗೆ ಭಯ ಆಗ್ತಿರೋದು ಇದರಿಂದಲೇ. ಉಳಿದಿರೋ ಸ್ವಲ್ಪವೂ ಹೋಗಿಬಿಡುತ್ತೆ. ಒಂದು ಮೆಡಲಿನಲ್ಲಿ ಇರೋದು ಸುಮಾರು 30 ಗ್ರಾಂ. ಅಷ್ಟಕ್ಕೆ ಸಿಗೋ ದುಡ್ಡು ಒಂದು ಸಲದ ದಿನಸಿಗೆ ಆದೀತು.

ಕರಗಿದಾಗ ಹೋಗೋದು ಬೆಳ್ಳಿಯಲ್ಲ, ಹೆಸರು. ಈ ಮೆಡಲ್‌ನ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸೈನಿಕನ ನಂಬರ್, ಹುದ್ದೆ, ಹೆಸರು, ದಳದ ಗುರುತು, ಸಣ್ಣ ಅಕ್ಷರಗಳಲ್ಲಿ ಸಾಲಾಗಿ ಒತ್ತಿರುತ್ತಾರೆ. ಅಜ್ಜಿ ಕೊಟ್ಟ ಮೆಡಲಿನ ಅಂಚಿನಲ್ಲಿ '2 ಕ್ಯೂ.ವಿ.ಓ.' ಅಂತ ಇತ್ತು. ಅಂದರೆ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಸೈನ್ಯಕ್ಕೆ ದಾರಿ, ಸೇತುವೆ ಕಟ್ಟೋ ಸೈನಿಕರ ದಳ. ಹಲಸೂರು ಕೆರೆ ಹತ್ತಿರ ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, ಅದರದೇ ಹಳೆಯ ಹೆಸರು. ಅಜ್ಜಿಯ ಮಾವ ಅಲ್ಲಿ ಸ್ಯಾಪರ್. ಆ ಮನೆಯಲ್ಲಿ ಅವರ ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಅವರು ಸಮುದ್ರ ದಾಟಿ ಹೋಗಿ ಬಂದಿದ್ದಕ್ಕೆ ಇರೋ ಒಂದೇ ಸಾಕ್ಷಿ ಆ ಅಂಚು.

ಹಿಂದೆ ಹೀಗಿರಲಿಲ್ಲ. ಶ್ರೀರಂಗಪಟ್ಟಣದ ಪದಕ ನೋಡಿ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿತ್ತು. ಅದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿತು. ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಹೊಡೆಸಿದ್ದು. ಮುಂದೆ ಸಿಂಹವೊಂದು ಹುಲಿಯನ್ನು ಕೆಡವಿದೆ. ಹುಲಿ ಯಾರು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಹಿಂದೆ ಕೋಟೆಗೆ ಲಗ್ಗೆ ಹಾಕುವ ಚಿತ್ರ, ಕೆಳಗೆ ಪರ್ಷಿಯನ್ ಬರಹ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಕಂಚು. ಕೊನೆಗೆ ಸಿಪಾಯಿಗೆ ತವರ. ಯಾವುದರ ಮೇಲೂ ಹೆಸರಿಲ್ಲ. ಗೋಡೆ ಹತ್ತಿದ ಸಿಪಾಯಿ ಯಾರು ಅಂತ ಆ ತವರದ ಬಿಲ್ಲೆ ಎಂದೂ ಹೇಳಲ್ಲ. ನೂರು ವರ್ಷ ಆದಮೇಲೆ ಅವನ ಮರಿಮೊಮ್ಮಗನ ಹೆಸರು ಅಂಚಿಗೆ ಬಂತು. ನಾವೇ ಅದನ್ನು ಕೈಯಾರೆ ಅಳಿಸುತ್ತಿದ್ದೇವೆ.

ನಾನು ಮೊದಲು ಕೊಂಡಿದ್ದು ಈ ಶ್ರೀರಂಗಪಟ್ಟಣದ ಪದಕವನ್ನೇ. 2009ರಲ್ಲಿ 7,000 ರೂಪಾಯಿ ಕೊಟ್ಟೆ. ಮನೆಗೆ ಬಂದು ಅಳೆದೆ. ಸೋಹೋದಲ್ಲಿ ಹೊಡೆದದ್ದು 48 ಮಿಲಿಮೀಟರ್ ಇರಬೇಕು, ಕಲ್ಕತ್ತೆಯಲ್ಲಿ ಹೊಡೆದದ್ದು 45. ನನ್ನದು ಎರಡೂ ಅಲ್ಲ, 47ಕ್ಕಿಂತ ಚೂರು ಕಡಿಮೆ. ಭೂತಗನ್ನಡಿಯಲ್ಲಿ ನೋಡಿದರೆ ಹುಲಿಯ ಮೈಮೇಲೆಲ್ಲ ಸೂಜಿಮೊನೆಯಂಥ ಗುಳಿ. ಅಸಲಿ ಪದಕದ ಮೇಲೆ ಮರಳಚ್ಚು ಒತ್ತಿ ಎರಕ ಹೊಯ್ದರೆ ಹೀಗೇ ಆಗೋದು. ಲೋಹ ಆರುವಾಗ ಕುಗ್ಗುತ್ತೆ, ಗಾಳಿಗುಳ್ಳೆ ಉಳಿಯುತ್ತೆ, ಗೆರೆಗಳು ಮೊಂಡಾಗುತ್ತವೆ. ಟಂಕಸಾಲೆಯಲ್ಲಿ ಹೊಡೆದದ್ದರಲ್ಲಿ ಅಕ್ಷರದ ಅಂಚು ಚೂಪಾಗಿ ಎದ್ದಿರುತ್ತೆ. ಮಾರಿದವರು ವಾಪಸ್ ತಗೊಳ್ಲಿಲ್ಲ. ಆವತ್ತಿಂದ ಅಗಲ ಅಳೆಯೋ ಕ್ಯಾಲಿಪರ್ ಇಲ್ಲದೆ ನಾನು ಯಾವ ಅಂಗಡಿಗೂ ಹೋಗಿಲ್ಲ.

ಎರಕದ ನಕಲನ್ನಾದರೂ ಹಿಡಿಯಬಹುದು. ಇನ್ನೂ ನೋವಾಗೋದು ಅಸಲಿ ಮೆಡಲಿನ ಹೆಸರು ಅಳಿಸಿ ಬೇರೆ ಹೆಸರು ಕೊರೆಯೋದು ಕಂಡಾಗ. ಹೆಸರಾಂತ ದಳದ ಮೆಡಲ್‌ಗೆ ಬೆಲೆ ಜಾಸ್ತಿ. ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಅಂದರೆ ಕೇಳಲೇಬೇಡಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಜೋಧಪುರದವರ ಜೊತೆ ಗೆದ್ದವರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಮೇಲೆ ಏರಿ ಹೋದವರು. ಅಂಥ ಹೆಸರು ಕಂಡ ತಕ್ಷಣ ಮನಸ್ಸು ಕುಣಿಯುತ್ತೆ. ಆಗಲೇ ಹುಷಾರಾಗಿರಬೇಕು. ಹೆಸರು ಅಳಿಸಲು ಅಂಚನ್ನು ಅರದಿಂದ ಉಜ್ಜಿರುತ್ತಾರೆ, ಅಲ್ಲಿ ಲೋಹ ಕಡಿಮೆಯಾಗಿರುತ್ತೆ. ಬಿಲ್ಲೆಯನ್ನು ತಿರುಗಿಸುತ್ತಾ ನಾಲ್ಕೈದು ಕಡೆ ಅಳೆದರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಸಿಗುತ್ತೆ. ವಾರ್ ಮೆಡಲಿನ ಅಕ್ಷರ ಒತ್ತಿದ್ದು, ಉಳಿಯಿಂದ ಕೆತ್ತಿದ್ದಲ್ಲ. ಅದನ್ನೂ ನೋಡಬೇಕು. ಜೋಡಿ ಇದ್ದರೆ ಎರಡರ ನಂಬರೂ ಒಂದೇ ಇರಬೇಕು. ಹೆಸರಿಗಿಂತ ನಂಬರನ್ನೇ ನಾನು ಜಾಸ್ತಿ ನಂಬ್ತೀನಿ. ಮುನಿಸ್ವಾಮಿ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು, ನೀವೇ ಯೋಚನೆ ಮಾಡಿ. ಒಂದೇ ದಳದಲ್ಲಿ ಎಷ್ಟು ಜನ ಮುನಿಸ್ವಾಮಿಗಳು ಇದ್ದಿರಬಹುದು!

ಎರಡನೇ ಮಹಾಯುದ್ಧದ್ದು ಮನೆಯಲ್ಲಿದ್ದರೂ ಅಂಚು, ಹಿಂಭಾಗ ಎರಡೂ ನೋಡಿ. ಇಂಗ್ಲೆಂಡಿನ ಸೈನಿಕರಿಗೆ ಆ ಮೆಡಲ್‌ಗಳನ್ನು ಹೆಸರಿಲ್ಲದೇ ಕೊಟ್ಟರು. ಭಾರತದವರಿಗೆ ಕೊಟ್ಟದ್ದರಲ್ಲಿ ಹೆಸರಿದೆ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬಕ್ಕೆ ದೀಪ ಬೆಳಗಿದ ಹಾಗೆ ಇದನ್ನೂ ಬೆಳಗಿಬಿಡ್ತಾರೆ. ವರ್ಷಾ ವರ್ಷಾ ತಿಕ್ಕಿ ಹೆಸರೇ ಸವೆದುಹೋದ ಮೆಡಲ್ ನನ್ನ ಹತ್ತಿರವೇ ಎರಡಿವೆ. ಕಪ್ಪಾಗಿದ್ದರೆ ಇರಲಿ ಬಿಡಿ. ರಿಬ್ಬನ್ ಹರಿದಿದ್ದರೂ ಬಿಸಾಡಬೇಡಿ. ಕೊಂಡ್ಕೊತೀವಿ, ಫೋಟೋ ಕಳಿಸಿ ಅಂತ ಹೊರದೇಶದವರು ಕೇಳಿದರೆ ಹುಷಾರು. 100 ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ ಅಂತ 1972ರ ಕಾಯ್ದೆಯೇ ಇದೆ.

ಅಜ್ಜಿಯ ಮೆಡಲನ್ನು ನಾನು ಕೇಳಲಿಲ್ಲ. ಅಂಚಿನಲ್ಲಿದ್ದದ್ದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದುಕೊಟ್ಟೆ. ಅವರಿಗೆ ಇಂಗ್ಲಿಷ್ ಬರಲ್ಲ. ಇಷ್ಟು ವರ್ಷ ಮನೆಯಲ್ಲಿದ್ದರೂ ಅದರಲ್ಲಿ ಮಾವನ ಹೆಸರಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಬೆರಳಿಟ್ಟು ಓದಿದರು. ಹಾಳೆಯನ್ನು ಮಡಚಿ ಮೆಡಲಿನ ಜೊತೆಗೇ ಗಂಟು ಕಟ್ಟಿದರು.

ಬೆಂಗಳೂರು, ಹೊಸಕೋಟೆ, ಕೋಲಾರದ ಕಡೆ ಬೆಳ್ಳಿ ಅಂಗಡಿ, ಗಿರವಿ ಅಂಗಡಿ ಇಟ್ಟುಕೊಂಡಿರೋರು ಇದನ್ನು ಓದ್ತಿದ್ದರೆ ಒಂದು ಮಾತು. ಕುದುರೆ ಸವಾರನಿರುವ ಬೆಳ್ಳಿ ಬಿಲ್ಲೆ, ಅಂಚಿನಲ್ಲಿ '2 ಕ್ಯೂ.ವಿ.ಓ.' ಅಂತ ಕಂಡರೆ ಮೂಸೆಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಮಾಡಿ. ಅಜ್ಜಿಯ ಮಾವನ ಸೈನ್ಯದ ನಂಬರ್ ನನ್ನ ಹತ್ತಿರ ಇದೆ.