ನೀರಿನ ಮೇಲೊಂದು ಗೂಬೆ

ಕೂದಲು ಉದುರುತ್ತಿದೆ ಎಂದು ಬೆಂಗಳೂರಿನಲ್ಲಿ ಯಾರ ಮುಂದಾದರೂ ಹೇಳಿ ನೋಡಿ. ‘ಈಚೆಗೆ ಜ್ವರ ಬಂದಿತ್ತಾ?’ ಎಂದು ಯಾರೂ ಕೇಳುವುದಿಲ್ಲ. ‘ನಿಮ್ಮದು ಕಾವೇರಿನಾ, ಬೋರಾ?’ ಎಂದೇ ಕೇಳುತ್ತಾರೆ. ಬೋರು ಅಂದರೆ ಮುಗಿಯಿತು. ಟ್ಯಾಂಕರ್ ಅಂದರೆ ಇನ್ನೂ ಬೇಗ ಮುಗಿಯಿತು. ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರೇ ಇರುವ ಮನೆಯವರು ಮಾತ್ರ ಒಂದು ಗಳಿಗೆ ತಡವರಿಸಿ, ‘ಕ್ಲೋರಿನ್ ಜಾಸ್ತಿ ಹಾಕ್ತಾರೆ ಅನ್ಸತ್ತೆ’ ಅನ್ನುತ್ತಾರೆ. ಅಂತೂ ಗೂಬೆ ಬಂದು ಕೂರುವುದು ನಲ್ಲಿಯ ಮೇಲೆಯೇ.

ನೀರೇನೂ ಪೂರ್ತಿ ಸಾಚಾ ಅಲ್ಲ. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲ್ಲಿಗೆ ಬಿಳಿ ಪದರ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೂ ಕೂರುತ್ತವೆ. ಕೂದಲು ಒರಟಾಗಿ, ಸಿಕ್ಕುಗಟ್ಟಿ, ಬಾಚುವಾಗ ನಡುವೆ ತುಂಡಾಗುತ್ತದೆ. ಆದರೆ ತುಂಡಾಗುವುದು ಬೇರೆ, ಉದುರುವುದು ಬೇರೆ. ಬಾಚಣಿಗೆಯಲ್ಲಿ ಸಿಕ್ಕ ಒಂದೆಳೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು ತುದಿ ನೋಡಿ. ಒಂದು ಕಡೆ ಗಸಗಸೆಗಿಂತಲೂ ಚಿಕ್ಕದಾದ ಬಿಳಿ ಗುಂಡು ಕಂಡರೆ ಅದು ಆಯಸ್ಸು ಮುಗಿಸಿ ಬುಡದಿಂದಲೇ ಬಂದದ್ದು. ಅದರಲ್ಲಿ ನೀರಿನ ಕೈವಾಡವಿಲ್ಲ. ಎರಡೂ ತುದಿ ಬೋಳಾಗಿ, ಎಳೆಯೂ ಗಿಡ್ಡವಾಗಿದ್ದರೆ ಮುರಿದದ್ದು. ಆಗ ನೀರನ್ನೂ ಬೈಯಬಹುದು, ಸ್ಟ್ರೈಟ್ನರನ್ನೂ ಬೈಯಬಹುದು, ಒದ್ದೆ ತಲೆಯನ್ನೇ ಎಳೆದು ಬಾಚುವ ಬೆಳಗಿನ ಅವಸರವನ್ನೂ ಬೈಯಬಹುದು. ಕೊನೆಯ ಎರಡು ಚೊಂಬು ಮಾತ್ರ ಆರ್‌ಓ ಫಿಲ್ಟರಿನ ನೀರು ಸುರಿದುಕೊಂಡರೆ ಒರಟು ಸ್ವಲ್ಪ ಇಳಿಯಬಹುದು. ಷವರಿನ ಬಾಯಿಗೆ ಸಿಕ್ಕಿಸುವ ಅಂಗೈಯಗಲದ ಡಬ್ಬಿಗೆ ದುಡ್ಡು ಸುರಿಯಬೇಡಿ. ಗಡಸು ನಿಜವಾಗಿ ಹೋಗಬೇಕಾದರೆ ಆಗಾಗ ಉಪ್ಪು ಹಾಕಿ ತೊಳೆಯುವ ಸಾಫ್ಟ್‌ನರ್ ಬೇಕು.

ತಲೆಯಲ್ಲಿರುವುದು ಹೆಚ್ಚುಕಡಿಮೆ 1 ಲಕ್ಷ ಕೂದಲು. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ಭಾನುವಾರಕ್ಕೊಂದೇ ತಲೆಸ್ನಾನ ಮಾಡುವವರಿಗೆ ವಾರದ ಬಾಕಿಯೆಲ್ಲ ಬಚ್ಚಲ ಜಾಲರಿಯಲ್ಲಿ ಒಟ್ಟಿಗೇ ಸಿಗುತ್ತದೆ. ಜಡೆಯುದ್ದದ ಕೂದಲಾದರಂತೂ ಒಂದು ದಿನದ ಉದುರೇ ಇಲಿಮರಿಯಷ್ಟು ಕಾಣುತ್ತದೆ.

ನೀರಿಗೆ ಕೆಟ್ಟ ಹೆಸರು ಬಂದದ್ದಕ್ಕೆ ಅಸಲಿ ಕಾರಣ ಕ್ಯಾಲೆಂಡರು. ಒಂದು ಕೂದಲು ಎರಡರಿಂದ ಆರು ವರ್ಷ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಮೂರು ತಿಂಗಳಷ್ಟು ಸುಮ್ಮನೆ ಕೂತಿದ್ದು ಬೀಳುತ್ತದೆ. ಮೈಗೆ ದೊಡ್ಡ ಪೆಟ್ಟು ಬಿದ್ದರೆ ಬೆಳೆಯುತ್ತಿದ್ದ ಕೂದಲೂ ಗುಂಪುಗುಂಪಾಗಿ ಈ ರಜೆಗೆ ಹೋಗಿಬಿಡುತ್ತದೆ. ಬೀಳುವುದು ಮಾತ್ರ ಎರಡು ಮೂರು ತಿಂಗಳು ತಡವಾಗಿ. ಆಗಸ್ಟಿನ ಡೆಂಗಿ ಜ್ವರದ ಬಾಕಿ ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ ವಸೂಲಾಗುತ್ತದೆ. ಅಷ್ಟರಲ್ಲಿ ಜ್ವರ ಯಾರಿಗೂ ನೆನಪಿರುವುದಿಲ್ಲ. ಟೈಫಾಯ್ಡ್, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವ ಹಟ, ಎಲ್ಲದಕ್ಕೂ ಇದೇ ಲೆಕ್ಕ. ‘ಮಗು ಮುಖ ನೋಡಿ ನಗೋಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರತ್ತೆ’ ಎಂದು ಅಜ್ಜಿಯರು ಅನ್ನುವುದುಂಟಲ್ಲ, ಅದರಲ್ಲಿ ನಗುವಿನ ತಪ್ಪೇನೂ ಇಲ್ಲ, ತಿಂಗಳ ಲೆಕ್ಕ ಮಾತ್ರ ಸರಿಯಾಗಿದೆ. ಕೂಸು ನಗುವ ಹೊತ್ತಿಗೆ ಹೆರಿಗೆಯಾಗಿ ಎರಡು ಮೂರು ತಿಂಗಳಾಗಿರುತ್ತದೆ. ಈ ಬಗೆಯದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ, ಹೊಸ ಕೂದಲು ಹಣೆಯಂಚಿನಲ್ಲಿ ಮುಳ್ಳುಮುಳ್ಳಾಗಿ ಏಳುತ್ತದೆ.

ಈಗ ಜೂನಿನಲ್ಲಿ ಹಾಸನದಿಂದಲೋ ಹಾವೇರಿಯಿಂದಲೋ ಬಂದು ಪಿಜಿ ಸೇರಿದ ಇಪ್ಪತ್ತಮೂರರ ಹುಡುಗನನ್ನು ನೋಡಿ. ಊಟ ಬದಲಾಗಿದೆ, ನಿದ್ದೆ ಅರ್ಧವಾಗಿದೆ, ನೀರೂ ಬೇರೆ. ಸೆಪ್ಟೆಂಬರಿನಲ್ಲಿ ದಿಂಬಿನ ಮೇಲೆ ಕೂದಲು. ಆದರೆ ಗಂಡಸರಲ್ಲಿ ವಂಶದ ಬೊಕ್ಕತಲೆ ಮೊದಲು ತಲೆಹಾಕುವುದೂ ಇದೇ ವಯಸ್ಸಿನಲ್ಲಿ, ಊರಲ್ಲೇ ಇದ್ದರೂ ಅದು ಬರುತ್ತಿತ್ತು. ಡಿಎಚ್‌ಟಿ ಎಂಬ ಹಾರ್ಮೋನಿಗೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯ ಬುಡಗಳು ಸೋಲುತ್ತವೆ, ಹಿಂದಲೆಯವು ಬಗ್ಗುವುದಿಲ್ಲ. ನೀರೇ ಕಳ್ಳನಾಗಿದ್ದರೆ ಹಿಂದಲೆಯನ್ನು ಯಾಕೆ ಬಿಡುತ್ತಿತ್ತು? ಇದು ತಾಯಿಯ ತಂದೆಯಿಂದ ಮಾತ್ರ ಬರುತ್ತದೆ ಎಂಬುದೂ ಸುಳ್ಳು. ಎರಡೂ ಕಡೆಯ ಪಾಲಿರುತ್ತದೆ. ಹೆಂಗಸರಲ್ಲಿ ಇದೇ ಕಾಯಿಲೆ ಬೈತಲೆಯನ್ನು ವರ್ಷದಿಂದ ವರ್ಷಕ್ಕೆ ಅಗಲ ಮಾಡುತ್ತದೆ, ಹಣೆಯಂಚು ಹೆಚ್ಚಾಗಿ ಹಾಗೇ ಉಳಿಯುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬಂದರೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇದೆಯೇ ಎಂದು ತೋರಿಸಿಕೊಳ್ಳಬೇಕು.

ಹೆಂಗಸರ ವಿಷಯದಲ್ಲಿ ಎಣ್ಣೆಗಿಂತ ಮೊದಲು ರಕ್ತಪರೀಕ್ಷೆ. ಥೈರಾಯ್ಡ್ ಮತ್ತು ಫೆರಿಟಿನ್, ಇವೆರಡು ತಪ್ಪಿಸಬಾರದು. ಹಿಮೋಗ್ಲೋಬಿನ್ 12 ಇದೆ ಎಂದು ನಿಶ್ಚಿಂತೆಯಿಂದ ಇದ್ದವರ ಫೆರಿಟಿನ್, ಅಂದರೆ ಮೈಯೊಳಗಿನ ಕಬ್ಬಿಣದ ಉಗ್ರಾಣ, ತಳ ಕಂಡಿರಬಹುದು. ಸೊಪ್ಪಿನ ಬಸ್ಸಾರು ಉಂಡ ಕೈಯಲ್ಲೇ ಫಿಲ್ಟರ್ ಕಾಫಿ ಹಿಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಕಾಫಿ ಒಂದು ಗಂಟೆ ಕಾಯಲಿ, ಬಸ್ಸಾರಿಗೆ ಅರ್ಧ ನಿಂಬೆ ಬೀಳಲಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಥೈರಾಯ್ಡ್ ವರದಿಯನ್ನೇ ಅದು ಕೆಡಿಸಬಲ್ಲದು.

ಹುಬ್ಬು ಮೇಲೇಳುವಷ್ಟು ಬಿಗಿದ ಜಡೆ, ಅದಕ್ಕೊಂದು ಭಾರದ ಚೌರಿ, ವರ್ಷಗಟ್ಟಲೆ ಹೀಗೇ ನಡೆದರೆ ಕಿವಿಯ ಮೇಲಿನ ಅಂಚು ಖಾಲಿಯಾಗುತ್ತದೆ. ತಡಮಾಡಿದರೆ ಮತ್ತೆ ಹುಟ್ಟುವುದಿಲ್ಲ. ನಾಣ್ಯದಗಲ ನುಣ್ಣಗೆ ಬೋಳಾದರೆ ‘ಹುಳ ತಿಂದಿದೆ’ ಅನ್ನುತ್ತಾರೆ. ಹುಳವಿಲ್ಲ, ಮೈಯ ಕಾವಲುಪಡೆಯೇ ದಾರಿತಪ್ಪಿ ಬುಡಕ್ಕೆ ಏಟು ಹಾಕಿರುತ್ತದೆ. ಅಲ್ಲಿ ಬೆಳ್ಳುಳ್ಳಿ ಉಜ್ಜಿ ಬೊಬ್ಬೆ ಬರಿಸಿಕೊಳ್ಳುವುದು ಯಾವ ಪುರುಷಾರ್ಥಕ್ಕೆ? ಮಕ್ಕಳ ತಲೆಯಲ್ಲಿ ಅಂಥ ಜಾಗ ಹೊಟ್ಟೆದ್ದು ಕೆರೆಯುತ್ತಿದ್ದರೆ ಅದು ಬೂಷ್ಟಿನ ಸೋಂಕಿರಬಹುದು, ಮುಲಾಮು ಸಾಲದು, ಮಾತ್ರೆಯೇ ಬೇಕು. ಹೆಲ್ಮೆಟ್ಟನ್ನು ಬೈಯುವವರಿಗೆ ಒಂದೇ ಮಾತು: ಒಳಗಿನ ಬಟ್ಟೆ ಒಗೆಯಿರಿ, ಹೆಲ್ಮೆಟ್ ತೆಗೆಯಬೇಡಿ. ಮುಡಿ ಕೊಟ್ಟರೆ ದಟ್ಟವಾಗುವುದೂ ಕಣ್ಣಿನ ಮೋಸ. ಬುಡಗಳ ಎಣಿಕೆ ಮೊದಲಿನಷ್ಟೇ ಇರುತ್ತದೆ, ಕತ್ತರಿಸಿದ ತುದಿ ಮೊಂಡಾಗಿ ಒತ್ತಾಗಿ ಕಾಣುತ್ತದೆ.

ವಂಶದ ಉದುರಿಗೆ ಗಂಡಸರಿಗೆ ಬರೆದುಕೊಡುವುದು ಹೆಚ್ಚಾಗಿ 5 ಪರ್ಸೆಂಟ್ ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧಿ. ಒಂದು ಕಾಲದ ಬಿ.ಪಿ. ಮಾತ್ರೆ ಅದು, ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂತೆಂದು ತಲೆಗೆ ಹತ್ತಿತು. ಒಣಗಿದ ತಲೆಗೆ, ಬೆಳಿಗ್ಗೆ 1 ಮಿಲೀ, ರಾತ್ರಿ 1 ಮಿಲೀ, ಕೂದಲಿಗಲ್ಲ, ಚರ್ಮಕ್ಕೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಫಜೀತಿಯಾಗುವುದು ಮೊದಲ ಕೆಲವು ವಾರಗಳಲ್ಲಿ: ರಜೆಯಲ್ಲಿದ್ದ ಹಳೇ ಕೂದಲನ್ನು ಹೊಸದು ತಳ್ಳುವುದರಿಂದ ಉದುರು ಇನ್ನೂ ಹೆಚ್ಚುತ್ತದೆ. ಎಷ್ಟೋ ಜನ ಕೈಬಿಡುವುದು ಅಲ್ಲೇ. ಬಾಟಲಿ ಟೂತ್‌ಪೇಸ್ಟಿನ ಹಿಂದೆ ಸೇರುತ್ತದೆ, ಬೇರೆ ಮನೆ ಹುಡುಕಾಟ ಶುರುವಾಗುತ್ತದೆ. ಓನರಿಗೆ ಕೇಳುವ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, ‘ಸಾರ್, ಕಾವೇರಿ ಕನೆಕ್ಷನ್ ಇದೆಯಾ?’